45 ಲಕ್ಷದ ಗೆರೆಯೊಳಗೆ ಮನೆ ಉಳಿಸುವ ಲೆಕ್ಕ: ನನ್ನ ಅನುಭವ

ಸಣ್ಣ ಫ್ಲಾಟ್‌ಗಳ ಯೋಜನೆಗಳಿಗೆ ಜಿಎಸ್‌ಟಿ ಲೆಕ್ಕ ಬರೆಯುವುದು ನನ್ನ ಕೆಲಸ. ದುಡಿಯುವ ಕುಟುಂಬಕ್ಕೆಂದು ಕೊಟ್ಟ ತೆರಿಗೆ ರಿಯಾಯಿತಿ ಅವರಿಗೆ ಮುಟ್ಟುತ್ತದೋ ಇಲ್ಲವೋ ಎಂಬುದು ಬೆಲೆಪಟ್ಟಿ ಬರೆಯುವಾಗಲೇ ತೀರ್ಮಾನವಾಗುತ್ತದೆ.

2019ರ ಏಪ್ರಿಲ್ 1ರಿಂದ ಕೈಗೆಟುಕುವ ಮನೆಗೆ ಶೇ 1, ಉಳಿದ ವಸತಿಗೆ ಶೇ 5 ಜಿಎಸ್‌ಟಿ. ಶೇ 1 ಸಿಗಬೇಕಾದರೆ ಬೆಂಗಳೂರಿನಂಥ ಮಹಾನಗರದಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, 60 ಚದರ ಮೀಟರ್, ಬೇರೆ ಊರುಗಳಲ್ಲಿ 90 ಮೀರಬಾರದು. ಒಟ್ಟು ಮೊತ್ತ 45 ಲಕ್ಷ ದಾಟಬಾರದು. ಅಳತೆಯಲ್ಲಿ ಒಳಗೋಡೆ ಸೇರುತ್ತದೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ.

ಎಡವುವುದು ಹೆಚ್ಚಾಗಿ ಮೊತ್ತದಲ್ಲಿ. ಫ್ಲಾಟ್‌ಗೆ 43.5 ಲಕ್ಷ, ಪಾರ್ಕಿಂಗ್‌ಗೆ 1.25 ಲಕ್ಷ, ಮೂಲೆ ಮನೆಯೆಂದು 50 ಸಾವಿರ ಎಂದಿಟ್ಟುಕೊಳ್ಳಿ. ಬೇರೆ ರಸೀದಿ ಕೊಟ್ಟರೂ ಇವೆಲ್ಲ ಒಂದೇ ಮೊತ್ತ: 45.25 ಲಕ್ಷ, ತೆರಿಗೆ 2,26,250 ರೂಪಾಯಿ. ಆ 50 ಸಾವಿರವನ್ನು ಬಿಲ್ಡರ್ ನಿಜವಾಗಿಯೂ ಬಿಟ್ಟುಕೊಟ್ಟರೆ ತೆರಿಗೆ 44,750ಕ್ಕೆ ಇಳಿಯುತ್ತದೆ. ಅದಕ್ಕೇ ಪ್ರತಿ ಫ್ಲಾಟ್‌ನ ಎಲ್ಲ ಶುಲ್ಕಗಳನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ನೋಡದೆ ಬುಕಿಂಗ್ ತೆರೆಯಬೇಡಿ ಎಂದು ಹಟ ಹಿಡಿಯುತ್ತೇನೆ. ಕರ್ನಾಟಕದಲ್ಲಿ ಹೊಸ ಫ್ಲಾಟ್‌ನ ಮೊದಲ ನೋಂದಣಿಗೆ ಶೇ 3ರ ಮುದ್ರಾಂಕ ಶುಲ್ಕವೂ 45 ಲಕ್ಷಕ್ಕೇ ನಿಲ್ಲುತ್ತದೆ, ಆಮೇಲೆ ಶೇ 5.

ಈ ಶೇ 1 ಪೂರ್ತಿ ರಿಯಾಯಿತಿಯೇನಲ್ಲ. ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಬಿಲ್ಡರ್ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ) ಇಲ್ಲವಾದ್ದರಿಂದ ಸಿಮೆಂಟ್, ಕಬ್ಬಿಣದ ಮೇಲೆ ಕಟ್ಟಿದ ತೆರಿಗೆ ಮನೆಯ ಬೆಲೆಯಲ್ಲೇ ಕೂತಿರುತ್ತದೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು; ತೆರಿಗೆ ಬಿಟ್ಟು 300 ರೂಪಾಯಿಯ ಚೀಲಕ್ಕೆ ಅದು 30 ರೂಪಾಯಿ ಉಳಿತಾಯ. ದುಡಿಯುವವರ ಮನೆ ಅಗ್ಗವಾಗಬೇಕಾದರೆ ಸಾಮಗ್ರಿಯ ತೆರಿಗೆ ಇಳಿಯುವುದೇ ಹೆಚ್ಚು ಗಟ್ಟಿ ದಾರಿ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಷರತ್ತು ಬಿಲ್ಡರ್ ಮಾಡುವ ಖರೀದಿಯದು. ವರ್ಷದ ಖರೀದಿಯಲ್ಲಿ ಶೇ 80 ಜಿಎಸ್‌ಟಿ ನೋಂದಾಯಿತ ಪೂರೈಕೆದಾರರಿಂದಲೇ ಆಗಬೇಕು; ವಿದ್ಯುತ್, ಡೀಸೆಲ್ ಈ ಲೆಕ್ಕಕ್ಕಿಲ್ಲ. 1 ಕೋಟಿಯಲ್ಲಿ 72 ಲಕ್ಷವಷ್ಟೇ ಆದರೆ ಕೊರತೆಯ 8 ಲಕ್ಷಕ್ಕೆ ಬಿಲ್ಡರ್ ತಾನೇ ಶೇ 18ರಂತೆ 1.44 ಲಕ್ಷ ಕಟ್ಟಬೇಕು. ಇಟ್ಟಿಗೆ, ಮರಳು, ಗಾರೆ ಕೆಲಸದ ಮೇಸ್ತ್ರಿ, ಕೊರತೆ ಬೀಳುವುದು ಇಲ್ಲೇ. ನೋಂದಣಿಯಿಲ್ಲದವರಿಂದ ಸಿಮೆಂಟ್ ತಂದರಂತೂ ಶೇ 80 ತುಂಬಿದ್ದರೂ ತೆರಿಗೆ ತಪ್ಪದು. ಕೊರತೆಯ ತೆರಿಗೆಯನ್ನು ಮಾರ್ಚ್‌ಗೆ ವರ್ಷ ಮುಗಿದ ಮೇಲೆ ಜೂನ್‌ನೊಳಗೆ ಕಟ್ಟಿದರೆ ಸಾಕು, ಆದರೆ ನಾನು ಪ್ರತಿ ತಿಂಗಳೂ ಶೇಕಡಾವಾರು ನೋಡುತ್ತೇನೆ. ಡಿಸೆಂಬರ್‌ನಲ್ಲೇ ಕೊರತೆ ಕಂಡರೆ ಉಳಿದ ಮೂರು ತಿಂಗಳ ಇಟ್ಟಿಗೆಯನ್ನಾದರೂ ಬಿಲ್ ಕೊಡುವವರಿಂದ ತರಿಸಬಹುದು.