ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿಣ, ಸುಣ್ಣ

ಮಳೆ ಹಿಡಿದಿದೆ, ಕೊಟ್ಟಿಗೆಯಲ್ಲಿ ಕೆಸರು. ಕೆಚ್ಚಲು ಬಾವು ಜಾಸ್ತಿ ಬರೋ ಕಾಲ. ಹೋದ ವಾರ ನಮ್ಮ ಆಕಳ ಒಂದು ಮೊಲೆ ಗಟ್ಟಿಯಾಗಿ, ಮುಟ್ಟಿದರೆ ಒದೆಯುತ್ತಿತ್ತು. ಹಾಲಿನಲ್ಲಿ ಮೊಸರಿನಂಥ ಗಡ್ಡೆ.

ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಹೇಳುವ ಲೇಪವನ್ನೇ ಮಾಡಿದೆವು. ಲೋಳೆಸರ 250 ಗ್ರಾಂ, ಅರಿಶಿಣ ಪುಡಿ 50 ಗ್ರಾಂ, ಎಲೆ ಅಡಿಕೆಗೆ ಹಾಕುವ ಸುಣ್ಣ 15 ಗ್ರಾಂ. ಲೋಳೆಸರದ ಮುಳ್ಳು ತೆಗೆದು ಎಲ್ಲ ಸೇರಿಸಿ ರುಬ್ಬಿ. ಸುಣ್ಣ ತಾಗಿದ ಕೂಡಲೇ ಅರಿಶಿಣ ಕುಂಕುಮದ ಹಾಗೆ ಕೆಂಪಾಗುತ್ತದೆ.

ಬಹಳ ಮಂದಿ ತಪ್ಪುವುದು ಹಚ್ಚುವಾಗ. ಗಟ್ಟಿಯಾಗಿ ಮೆತ್ತಬೇಡಿ, ಒಣಗಿ ಬಿರಿಯುತ್ತದೆ. ಒಂದು ಹಿಡಿ ಲೇಪಕ್ಕೆ 150ರಿಂದ 200 ಮಿಲಿ ನೀರು ಬೆರೆಸಿ ತೆಳ್ಳಗೆ ಮಾಡಿ. ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು, ನಾಲ್ಕೂ ಮೊಲೆ ಸೇರಿ ಇಡೀ ಕೆಚ್ಚಲಿಗೆ ಸವರಿ. ದಿನಕ್ಕೆ 10 ಸಲ, 5 ದಿನ. ಬೇಸರ ಆಗುತ್ತೆ, ಆದರೂ ಬಿಡಬೇಡಿ. ಲೇಪ ದಿನಾ ಹೊಸದಾಗಿ ರುಬ್ಬಿ.

ಆ ಹಾಲನ್ನು ಡೇರಿಗೆ ಹಾಕಬೇಡಿ, ಕರುವಿಗೂ ಬೇಡ. ಬಾವು ಬಂದ ಮೊಲೆಯನ್ನು ಕೊನೆಗೆ ಹಿಂಡಿ, ಕೈ ಸೋಪು ಹಚ್ಚಿ ತೊಳೆಯಿರಿ. ಜ್ವರ ಬಂದು ಮೇವು ಬಿಟ್ಟರೆ, ಹಾಲು ನೀರಾಗಿ ರಕ್ತ ಕಂಡರೆ, ಲೇಪ ನಂಬಿ ಕೂಡಬೇಡಿ. ಅವತ್ತೇ ದನದ ಡಾಕ್ಟರನ್ನು ಕರೆಸಿ.