ಬೆಳಿಗ್ಗೆ ಎಂಟರ ಆಫೀಸು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಇಲ್ಲಿನ ಬಿಸಿಲು ಅಂಥದ್ದು. ಈ ಸಮಯದ ಬದಲಾವಣೆಯೇ ನನ್ನ ಕೆಲಸ ಕೆಡಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ನಾನು ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಗುಳಿಗೆ ಬರೆಯುವುದು ಡಾಕ್ಟರ ಕೆಲಸ. ಗುಳಿಗೆ ಹತ್ತಿದ ಮೇಲೆ ಆ ಮನುಷ್ಯ ಮತ್ತೆ ತನ್ನ ಕುರ್ಚಿಗೋ ಅಂಗಡಿಗೋ ಮಿಲ್ಲಿಗೋ ಹೋಗುವ ಹಾಗೆ ಮಾಡುವುದು ನನ್ನ ಪಾಲಿಗೆ ಬರುತ್ತದೆ.

ಸರ್ಕಾರಿ ಆಫೀಸಿನ ಗುಮಾಸ್ತರೊಬ್ಬರು ಎರಡು ತಿಂಗಳಿಂದ ರಜೆಯಲ್ಲಿದ್ದರು. ಖಿನ್ನತೆ. ಸ್ನಾನಕ್ಕೂ ಹೆಂಡತಿಯೇ ಎಬ್ಬಿಸಬೇಕಿತ್ತು. ಗುಳಿಗೆ ಶುರುವಾಗಿ ಐದಾರು ವಾರಕ್ಕೆ ಊಟ, ನಿದ್ದೆ ಹದಕ್ಕೆ ಬಂತು. ಅಷ್ಟರಲ್ಲಿ ಏಪ್ರಿಲ್. ಮಧ್ಯಾಹ್ನಕ್ಕೇ ಮನೆಗೆ ಬರಬಹುದು, ಇದಕ್ಕಿಂತ ಒಳ್ಳೆ ಸಮಯ ಸಿಗುತ್ತಾ ಅಂತ ನಾನೇ ಹುರುಪಿನಿಂದ ಕಳಿಸಿದೆ. ನಾಲ್ಕನೇ ದಿನ ಅವರು ಹಾಸಿಗೆ ಬಿಟ್ಟು ಏಳಲಿಲ್ಲ.

"ಮುಂಜಾನಿ ಎದ್ದಾಗ ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತದ್ರಿ ಮೇಡಂ. ಹನ್ನೊಂದರ ಮ್ಯಾಲ ನಾನ ಬ್ಯಾರೆ ಮನುಷ್ಯ."

ಖಿನ್ನತೆ ಇರುವ ಬಹಳ ಜನರಿಗೆ ಬೆಳಗಿನ ಹೊತ್ತೇ ಭಾರ, ಹೊತ್ತು ಏರಿದ ಹಾಗೆ ಹಗುರ. ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು. 8ರ ಆಫೀಸಿಗೆ 6ಕ್ಕೆ ಏಳಬೇಕು ಅನ್ನುವ ಲೆಕ್ಕ ಮಾತ್ರ ಹೊಳೆದಿರಲಿಲ್ಲ. ಡಾಕ್ಟರು ರಜೆ ಮುಂದುವರಿಸಲು ಬರೆದುಕೊಟ್ಟರು. ಜೂನ್‌ನಲ್ಲಿ ಆಫೀಸು ಮತ್ತೆ 10ಕ್ಕೆ ಬಂದ ಮೇಲೆ ಹೋಗುವುದು ಅಂತಾಯಿತು.

ಆದರೆ ಅಲ್ಲಿ ತನಕ ಸುಮ್ನೆ ಕೂರಿಸಲಿಲ್ಲ. "ಪೂರ್ತಿ ಆರಾಮಾದ ಮ್ಯಾಲ ಹೋಗ್ಲಿ ಬಿಡ್ರಿ" ಅಂತ ಮನೆಯವರು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಮನೆಯಲ್ಲಿ ಕೂತಷ್ಟೂ ಹೊರಗಿನ ಭಯ ಬೆಳೆಯುತ್ತದೆ, ಆತಂಕ ಇದ್ದವರಿಗಂತೂ ಇನ್ನೂ ಜಾಸ್ತಿ. ಇವತ್ತು ತಪ್ಪಿಸಿಕೊಂಡರೆ ಎದೆಬಡಿತ ಇಳಿಯುತ್ತದಲ್ಲ, ಆ ಸಮಾಧಾನವೇ ನಾಳೆಯೂ ತಪ್ಪಿಸಿಕೋ ಅನ್ನುತ್ತದೆ.

ಹಾಗಾಗಿ ಮೊದಲು ದಾರಿ, ಆಮೇಲೆ ಕೆಲಸ. ಮೊದಲ ವಾರ ಸ್ನಾನ, ಇಸ್ತ್ರಿ ಅಂಗಿ, ಓಣಿಯ ತುದಿ ತನಕ ನಡಿಗೆ, ಅಷ್ಟೇ. ಮುಂದಿನ ವಾರ ಆಟೋದಲ್ಲಿ ಸೂಪರ್ ಮಾರ್ಕೆಟ್‌ಗೆ ಹೋಗಿ ತರಕಾರಿ ತರುವುದು. ಅದಾದ ಮೇಲೆ ಆಫೀಸಿನ ಎದುರಿನ ಹೋಟೆಲಿನಲ್ಲಿ ಒಂದು ಚಹಾ. ಗೇಟಿನ ಒಳಗೆ ಹೋಗಬಾರದು ಅಂತ ನಾನೇ ಕಟ್ಟುನಿಟ್ಟು ಮಾಡಿದ್ದೆ. ಮೂರನೇ ಸಲ ಅವರೇ ಒಳಗೆ ಹೋಗಿ ಜವಾನನನ್ನು ಮಾತಾಡಿಸಿಕೊಂಡು ಬಂದಿದ್ದರು. ನನಗೆ ಹೇಳಿದ್ದು ಎರಡು ದಿನ ಬಿಟ್ಟು, ಬೆಲ್ಲ ಕದ್ದ ಹುಡುಗನ ಹಾಗೆ ನಗುತ್ತಾ.

ನಾನು ಕಂಡ ಹಾಗೆ ಇವರಿಗೆಲ್ಲ ಕೆಲಸಕ್ಕಿಂತ ದೊಡ್ಡ ಭಯ ಒಂದು ಪ್ರಶ್ನೆಯದ್ದು. "ಎಲ್ಲಿ ಹೋಗಿದ್ರಿ ಇಷ್ಟು ದಿನ?" ನಮ್ಮ ಕಡೆ ಇದನ್ನು ಕೇಳದೆ ಯಾರೂ ಬಿಡುವುದಿಲ್ಲ. ಕೇಳಲಿಲ್ಲ ಅಂದರೆ ಸಿಟ್ಟಾಗಿದ್ದಾರೆ ಅಂತ ಅರ್ಥ. ಅದಕ್ಕೆ ಉತ್ತರ ಮೊದಲೇ ಕಟ್ಟಿಕೊಡುತ್ತೇನೆ: "ಆರಾಮ ಇರ್ಲಿಲ್ರಿ. ಈಗ ಬೇಷ್ ಇದ್ದೀನಿ. ನಿಮ್ಮ ಮಗಳ ಲಗ್ನ ಎಲ್ಲಿಗಿ ಬಂತು?" ಕೊನೆಯ ಮಾತೇ ಮುಖ್ಯ. ಕೇಳಿದವರು ಮಗಳ ಲಗ್ನದ ಸುದ್ದಿಗೆ ಇಳಿದುಬಿಡುತ್ತಾರೆ. ನಾನೇ ಜವಾನ, ನಾನೇ ಪಕ್ಕದ ಟೇಬಲ್ಲಿನವರು ಆಗಿ ಹತ್ತು ಸಲ ಕೇಳುತ್ತೇನೆ. ಟೈಫಾಯ್ಡ್, ಕಾಮಣಿ ಅಂತ ಸುಳ್ಳು ಹೇಳಿಸುವುದಿಲ್ಲ. ಯಾರಿಗೆ ಏನು ಹೇಳಿದ್ದೆ ಅಂತ ನೆನಪಿಡುವುದೇ ಇನ್ನೊಂದು ನೌಕರಿ ಆಗುತ್ತದೆ.

ಆಫೀಸಿನ ಸಾಹೇಬರ ಹತ್ತಿರ ನಾನು ಮಾತಾಡುವುದು ಕಾಯಿಲೆ ಇದ್ದವರು ಒಪ್ಪಿದರೆ ಮಾತ್ರ. ಕಾಯಿಲೆಯ ವಿಷಯ ಗುಟ್ಟಾಗಿ ಇರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಗುಮಾಸ್ತರು ಒಪ್ಪಿದರು. ನಾನು ಕಾಯಿಲೆಯ ಹೆಸರು ಎತ್ತದೆ ಎರಡೇ ಕೇಳಿದೆ. ಮೊದಲ ಎರಡು ವಾರ ಟಪಾಲಿನ ಕೆಲಸ ಮಾತ್ರ ಕೊಡಿ, ಜನ ಬಂದು ಜಗಳಾಡುವ ಟೇಬಲ್ ಬೇಡ. ತಪ್ಪಾದರೆ ಒಳಗೆ ಕರೆದು ಹೇಳಿ. "ಅಷ್ಟ ಏನ್ರಿ?" ಅಂದರು ಸಾಹೇಬರು. ಎಲ್ಲ ಸಾಹೇಬರೂ ಹೀಗಿರುವುದಿಲ್ಲ. ಇನ್ನೊಂದು ಆಫೀಸಿನಲ್ಲಿ "ತಲಿ ಕೆಟ್ಟವರನ್ನ ತಗೊಂಡು ನಾ ಏನ್ ಮಾಡ್ಲಿ" ಅಂತ ನನ್ನ ಎದುರಿಗೇ ಅಂದರು. ಆ ದಿನ ನನಗೂ ಊಟ ಸೇರಲಿಲ್ಲ.

ಇಷ್ಟೆಲ್ಲ ಸಾಧ್ಯವಾಗಿದ್ದು ರಜೆ, ಸಂಬಳ ಇದ್ದವರಿಗೆ. ಬೇಳೆ ಮಿಲ್ಲಿನಲ್ಲಿ ದಿನಗೂಲಿ ಮಾಡುವ ಹೆಣ್ಣುಮಗಳಿಗೆ ಯಾವ ರಜೆ? ಆಕೆಗೆ ಇದ್ದಕ್ಕಿದ್ದ ಹಾಗೆ ಎದೆ ಡವಡವ, ಕೈ ಜೋಮು, ಈಗಲೇ ಸತ್ತೆ ಅನ್ನುವ ಭಯ. ಎರಡು ಸಲ ಇಸಿಜಿ ಮಾಡಿಸಿದರೂ ಏನೂ ಇಲ್ಲ. ಮಷೀನಿನ ಸದ್ದು ಏರಿದರೆ ಸಾಕು, ಹೊರಗೆ ಓಡುತ್ತಿದ್ದಳು.

ಮನೋಚೈತನ್ಯ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗಾಗಿ ತಾಲ್ಲೂಕು ಆಸ್ಪತ್ರೆಗೆ ಡಾಕ್ಟರು ಬರುವುದು ಮಂಗಳವಾರ. ವಾರ ವಾರ ಬಾ ಅಂದರೆ ಆಕೆಯ ಮಂಗಳವಾರದ ಕೂಲಿ ಹೋಯಿತು. ಇದೇ ಕಾರಣಕ್ಕೆ, ಸ್ವಲ್ಪ ಆರಾಮಾದ ಕೂಡಲೇ ಗುಳಿಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಗುಳಿಗೆ ಹತ್ತಲು 2ರಿಂದ 4 ವಾರ ಬೇಕು, ಆರಾಮಾದ ಮೇಲೂ ಕನಿಷ್ಠ 6 ತಿಂಗಳು ನುಂಗಬೇಕು. ಡಾಕ್ಟರಿಗೆ ಹೇಳಿ ಒಂದು ತಿಂಗಳ ಗುಳಿಗೆ ಒಮ್ಮೆಗೇ ಕೊಡಿಸಿದೆ. ವಾರಕ್ಕೊಮ್ಮೆ ಸಂಜೆ ನಾನು ಫೋನ್ ಮಾಡುತ್ತೇನೆ. ರಾತ್ರಿ ಹೆದರಿಕೆಯಾದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿಯ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈ ಭಯ ಬಂದಾಗ ಓಡಬೇಡ, ಅಲ್ಲೇ ಕೂತು ಉಸಿರನ್ನು ನಿಧಾನಕ್ಕೆ ಹೊರಗೆ ಬಿಡು, ಹತ್ತು ನಿಮಿಷದೊಳಗೆ ಏರುವಷ್ಟು ಏರಿ ಇಳಿಯುತ್ತದೆ ಅಂತ ಹೇಳಿಕೊಟ್ಟೆ.

"ಹತ್ತು ನಿಮಿಷ ಹೆಂಗ್ ಗೊತ್ತಾಗಬೇಕ್ರಿ ಅಕ್ಕಾ? ಮಿಲ್ಲಿನ್ಯಾಗ ಫೋನ್ ಹಿಡೀಲಿಕ್ಕ ಬಿಡಂಗಿಲ್ಲ."

ಹೌದಲ್ವಾ ಅನ್ನಿಸಿತು. ನಿನ್ನ ಕೈಯಲ್ಲಿ ಇರುವುದೇನು ಅಂತ ಕೇಳಿದೆ. ಬೇಳೆ ಹಸನು ಮಾಡುವ ಮೊರ. ಆಕೆ ಅದಕ್ಕೆ ಮರ ಅನ್ನುತ್ತಾಳೆ. ಒಂದು ಮರ ಹಸನಾಗಲು ಐದು ನಿಮಿಷ. ಸರಿ, ಎರಡು ಮರ ಮುಗಿಯುವ ತನಕ ಏಳಬಾರದು ಅಂತ ಮಾತಾಯಿತು. ಮೇಸ್ತ್ರಿಗೆ ಹೇಳಿ ಮಷೀನಿನಿಂದ ದೂರ, ಬಾಗಿಲ ಹತ್ತಿರ ಕೂತಳು. ಒಂದೊಂದು ವಾರಕ್ಕೆ ಒಂದಿಷ್ಟು ಒಳಗೆ ಸರಿದಳು.

ಹೋದ ತಿಂಗಳು ಫೋನ್ ಮಾಡಿದಾಗ ಕೇಳಿದೆ, ಮತ್ತೆ ಬಂದಿತ್ತೇನವ್ವ?

"ಮನ್ನಿ ಬಂದಿತ್ರಿ ಅಕ್ಕಾ. ಒಂದು ಮರ ಆಗೋದ್ರೊಳಗ ಹೋತು."