ಹಳತಾಗಿ ಹೊರಬಿದ್ದ ಡಿಸ್ಕೇ ಕೈ ಹಿಡಿಯಿತು

ದಾವಣಗೆರೆಯ ಅಶೋಕ ರಸ್ತೆ ಕಡೆ ಮದುವೆ ಫೋಟೊ, ವಿಡಿಯೊ ಮಾಡುವ ಅಣ್ಣ ಒಬ್ಬರು ಮೇ ತಿಂಗಳ ಒಂದು ಮಧ್ಯಾಹ್ನ ಟವೆಲ್‌ನಲ್ಲಿ ಸುತ್ತಿದ್ದ ನಾಲ್ಕು ಹಾರ್ಡ್ ಡಿಸ್ಕ್ ತಂದು ನನ್ನ ಟೇಬಲ್ ಮೇಲಿಟ್ಟರು. ಒಂದೊಂದೂ 4 ಟಿಬಿ. "ಆರು ವರ್ಷದ ಮದುವಿ ಎಲ್ಲಾ ಇದರಾಗೈತಿ ತಮ್ಮಾ" ಅಂದರು. ಮುಂದೆ ಮಾತು ಹೊರಡಲಿಲ್ಲ.

ಅದು ರೇಡ್ 5, ಅಂದರೆ ನಾಲ್ಕೂ ಡಿಸ್ಕ್ ಸೇರಿ ಒಂದೇ ದೊಡ್ಡ ಡಿಸ್ಕಿನಂತೆ ನಡೆಯುವ ಜೋಡಣೆ. ಒಂದು ಡಿಸ್ಕ್ ಹೋದರೆ ಉಳಿದ ಮೂರರಿಂದ ಲೆಕ್ಕ ಹಾಕಿ ನಡೆಸುತ್ತದೆ, ಎರಡು ಹೋದರೆ ನಿಂತುಬಿಡುತ್ತದೆ. ಮೂರನೆಯದು ಯಾವತ್ತೋ ಹೊರಬಿದ್ದಿತ್ತು. ಬೀಪ್ ಸದ್ದು ಕಿರಿಕಿರಿ ಅಂತ ಅಂಗಡಿ ಹುಡುಗರು ಬಂದ್ ಮಾಡಿದ್ದರು. ಆಮೇಲೆ ಎರಡನೆಯದರಲ್ಲಿ ಬ್ಯಾಡ್ ಸೆಕ್ಟರ್ (ಓದಲಾಗದ ಜಾಗ) ಬಂತು. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ (ಉಳಿದವುಗಳಿಂದ ಲೆಕ್ಕ ಹಾಕಿ ಹೊಸದನ್ನು ತುಂಬುವುದು) ಕೊಡಿ ಅಂತ ಯಾರೋ ಹೇಳಿದ್ದರಂತೆ. ಅಣ್ಣ ಕೊಟ್ಟಿರಲಿಲ್ಲ; ಕೊಟ್ಟಿದ್ದರೆ ಕೆಟ್ಟ ಡಿಸ್ಕ್ ಇನ್ನಷ್ಟು ಹಾಳಾಗಬಹುದಿತ್ತು. ನನಗೆ ಅರ್ಧ ಜೀವ ಬಂತು.

ಸೀರಿಯಲ್ ನಂಬರ್ ಬರೆದುಕೊಂಡು, ಕೆಟ್ಟ ಡಿಸ್ಕಿನಿಂದಲೂ ಸಿಕ್ಕಷ್ಟು ಓದಿ ನಕಲು ಮಾಡುವ ಡಿಡಿರೆಸ್ಕ್ಯೂ ತಂತ್ರಾಂಶದಿಂದ ನಾಲ್ಕನ್ನೂ ಹೊಸ ಡಿಸ್ಕ್‌ಗಳಿಗೆ ನಕಲು ಮಾಡಿದೆ. ಮೂಲ ಡಿಸ್ಕ್ ಮೇಲೆ ನಾನು ಒಂದು ಬೈಟೂ ಬರೆಯುವುದಿಲ್ಲ. ಆರೋಗ್ಯವಾಗಿದ್ದವು ತಲಾ ಎಂಟು ಗಂಟೆಯೊಳಗೆ ಮುಗಿದವು. ಎರಡನೆಯದಕ್ಕೆ ಮೂರು ದಿನ ಹಿಡಿಯಿತು. ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ ಕೂತಿದ್ದೆ. ನಡುವೆ ಕರೆಂಟ್ ಹೋಯಿತು. ಎಲ್ಲಿವರೆಗೆ ಓದಿದೆ ಅನ್ನುವುದು ಮ್ಯಾಪ್ ಫೈಲ್‌ನಲ್ಲಿ ಇದ್ದುದರಿಂದ ಅಲ್ಲಿಂದಲೇ ಮುಂದುವರಿಸಿದೆ. ಕೊನೆಗೂ ಓದಲಾಗದ ಜಾಗ 188.

"ಮೂರನೇದು ಗಟ್ಟಿ ಐತಲ್ಲ, ಕೆಟ್ಟಿದ್ದು ಬಿಟ್ಟು ಅದನ್ನೇ ಹಾಕು" ಅಂದರು ಅಣ್ಣ. ನೋಡಿದರೆ ಹಾಗೇ ಅನ್ನಿಸುತ್ತದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಅದಕ್ಕೆ ಒಂದು ದೋಷವೂ ಇರಲಿಲ್ಲ. ಆದರೆ ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂನ ಎಕ್ಸಾಮಿನ್ ಕಮಾಂಡ್ ಕೊಟ್ಟಾಗ ಒಂದು, ಎರಡು, ನಾಲ್ಕರ ಇವೆಂಟ್ ಎಣಿಕೆ (ರೇಡ್ ಬದಲಾದಂತೆ ಏರುವ ಸಂಖ್ಯೆ) ಹತ್ತಿರ ಹತ್ತಿರ ಇತ್ತು. ಮೂರನೆಯದು ಬಹಳ ಹಿಂದೆ, ಕೊನೆಯ ಅಪ್‌ಡೇಟ್ ಜನವರಿಯದು. ನಾಲ್ಕು ತಿಂಗಳ ಹಳೆಯ ಡಿಸ್ಕನ್ನು ಇವತ್ತಿನವುಗಳ ಜೊತೆ ಕೂಡಿಸಿದರೆ ಫೈಲ್ ಸಿಸ್ಟಮ್ ಕಲಸುಮೇಲೋಗರ. ರೋಗಿ ಡಿಸ್ಕಿನ ನಕಲನ್ನೇ ನಂಬಬೇಕಿತ್ತು.

ಹಾಗಾದರೆ ಆ 188 ತೂತು? ರಾತ್ರಿ ಮಲಗಿದಾಗ ಹೊಳೆಯಿತು: ಜನವರಿಗೆ ಮುಂಚೆ ಬರೆದು ಆಮೇಲೆ ಯಾರೂ ಮುಟ್ಟದ ಸ್ಟ್ರೈಪ್‌ಗಳಲ್ಲಿ (ನಾಲ್ಕೂ ಡಿಸ್ಕಿನ ಒಂದೇ ಜಾಗದ ತುಂಡುಗಳ ಸಾಲು) ಮೂರನೆಯ ಡಿಸ್ಕ್ ಹೇಳುವುದು ಈಗಲೂ ನಿಜವೇ. ಒಂದು, ಮೂರು, ನಾಲ್ಕರ ಅದೇ ಜಾಗದ ಬೈಟ್‌ಗಳನ್ನು ಎಕ್ಸಾರ್ (ಬಿಟ್‌ಗೆ ಬಿಟ್ ಹೋಲಿಸುವ ಲೆಕ್ಕ; ಸರಿಯಿರುವ ಸ್ಟ್ರೈಪ್‌ನಲ್ಲಿ ನಾಲ್ಕೂ ಸೇರಿದರೆ ಸೊನ್ನೆ) ಮಾಡಿದರೆ ಎರಡನೆಯದರ ಕಳೆದುಹೋದ ಬೈಟ್ ಸಿಗಬೇಕು. ಹಳೆಯದೋ ಹೊಸದೋ ತಿಳಿಯುವುದು ಹೇಗೆ? ತೂತಿನ ಅಕ್ಕಪಕ್ಕ, ಎರಡನೆಯದು ಓದಿಸಿಕೊಂಡ ಜಾಗದಲ್ಲಿ ನಾಲ್ಕನ್ನೂ ಎಕ್ಸಾರ್ ಮಾಡಿ ನೋಡಬೇಕು. ಸೊನ್ನೆ ಬಂದರೆ ಆ ಸ್ಟ್ರೈಪ್ ಅಲ್ಲಾಡಿಲ್ಲ ಅಂತ ಹೆಚ್ಚೂಕಡಿಮೆ ಖಾತ್ರಿ. ಪೈಥಾನ್‌ನಲ್ಲಿ ನಲವತ್ತು ಸಾಲು ಬರೆದೆ. ಪರದೆ ಮೇಲೆ ಸೊನ್ನೆಗಳ ಸಾಲು ಒಂದರ ಹಿಂದೆ ಒಂದು ಇಳಿಯತೊಡಗಿದಾಗ ಎದ್ದು ನಿಂತುಬಿಟ್ಟಿದ್ದೆ. 143 ಕಡೆ ಸೊನ್ನೆ ಬಂತು. ಅಷ್ಟನ್ನೂ ಎರಡನೆಯದರ ನಕಲಿನಲ್ಲಿ ತುಂಬಿದೆ.

ಆಮೇಲಿನದು ಸಲೀಸು. ನಕಲುಗಳ ಮೇಲೆ ಓವರ್‌ಲೇ (ಬರೆದದ್ದು ನಕಲಿಗೆ ತಾಗದಂತೆ ತಡೆಯುವ ಪದರ) ಹಾಕಿ, ಮೂರನೆಯದನ್ನು ಬಿಟ್ಟು, ಎಣಿಕೆ ಸರಿಹೊಂದದಿದ್ದರೂ ಒಪ್ಪಿಸುವ ಫೋರ್ಸ್ ಕೊಟ್ಟು ಜೋಡಿಸಿ, ಓದುವುದಕ್ಕೆ ಮಾತ್ರ ಮೌಂಟ್ ಮಾಡಿದೆ. ರೇಡ್ ಹೊಸದಾಗಿ ಕಟ್ಟುವ ಕ್ರಿಯೇಟ್ ಕಮಾಂಡ್ ಹತ್ತಿರ ಹೋಗಲಿಲ್ಲ. ಚಂಕ್ (ಒಂದೊಂದು ಡಿಸ್ಕಿಗೆ ಹೋಗುವ ತುಂಡು) ಅಳತೆಯೋ ಡಿಸ್ಕಿನ ಸರದಿಯೋ ತಪ್ಪಿದರೆ ಅದೇ ಹೊಸ ಅನಾಹುತ. ಫೋಲ್ಡರ್‌ಗಳು ವರ್ಷವಾರು ತೆರೆದುಕೊಂಡವು. ಅಣ್ಣ ಪಕ್ಕದಲ್ಲಿ ಕೂತು ಒಂದೊಂದೇ ಮದುವೆಯ ವಿಡಿಯೊ ಓಡಿಸಿ ನೋಡಿದರು, ಧಾರೆ ಬಂದಾಗೆಲ್ಲ ನಿಲ್ಲಿಸಿ.

ಉಳಿದ 45 ತೂತುಗಳಲ್ಲಿ ಬಹುಪಾಲು ಖಾಲಿ ಜಾಗದಲ್ಲಿದ್ದವು. ಮೂರು ಮಾತ್ರ ಮಾರ್ಚ್‌ನ ಒಂದು ಆರತಕ್ಷತೆ ವಿಡಿಯೊದ ಮೇಲೆ ಬಿದ್ದಿದ್ದವು. ಅಲ್ಲಿ ಚಿತ್ರ ಒಡೆದು ಬೂದು ಚೌಕಗಳಾಗುತ್ತದೆ, ಎಷ್ಟು ಹೆಣಗಿದರೂ ಸರಿಯಾಗಲಿಲ್ಲ. ಅಣ್ಣ ತಾವೇ ಆ ಮನೆಗೆ ಹೋಗಿ ಹೇಳಿ ಬಂದರು.